ಭಾವನ ಬಾಯಿಗೆ ಮಣ್ಣು

"ನನ್ನ ಬಾಯಿಗೆ ಮಣ್ಣು ಹಾಕಿದ್ರಿ ಅಲ್ವಾ ಭಾವ? ಒಂದಲ್ಲ ಒಂದಿನ ಇದೇ ಮಣ್ಣನ್ನ ನಿಮ್ಮ ಬಾಯಿಗೆ ಹಾಕ್ತೀನಿ!"

ವರ್ಷಗಳ ಹಿಂದೆ ನಾದಿನಿ ಕೊಟ್ಟ ಈ ಮಾತನ್ನು ಭಾವ ಮರೆತಿರಲಿಲ್ಲ. ಅದಕ್ಕೇ ಇವತ್ತು ಅವಳ ಪಿಂಗಾಣಿ ಶೆಡ್ಡಿಗೆ ಬರುವಾಗ ಮನೆಯಿಂದಲೇ ಸ್ಟೀಲ್ ಲೋಟ ತಂದಿದ್ದ. ಅದಕ್ಕೆ ಬಗ್ಗಿಸಿದ ಕಾಫಿಯನ್ನೂ ಮೂಸಿ ನೋಡುತ್ತಿದ್ದ.

ಜಗಳದ ಮೂಲ ಕಿಟಕಿಯಾಚೆಗೇ ಬಿದ್ದಿತ್ತು. ಭಾವನ ಕಾರ್ಖಾನೆ ಅದಿರು ತೊಳೆದು, ಮಿಕ್ಕ ಬಿಳಿ ರಾಡಿಯನ್ನೆಲ್ಲ ಈ ಶೆಡ್ಡಿನ ಬೆನ್ನಿಗೇ ಸುರಿದು ಗುಡ್ಡ ಮಾಡಿತ್ತು. ಬೈದು ಬೈದು ಸುಸ್ತಾದ ನಾದಿನಿ ಒಂದು ಬೊಗಸೆ ರಾಡಿಯನ್ನು ಜೇಡಿಮಣ್ಣಿಗೆ ಬೆರೆಸಿ ಸುಟ್ಟಳು. ಅದು ಭಟ್ಟಿಯಲ್ಲಿ ಬೇಗ ಕರಗಿ, ಉಳಿದದ್ದನ್ನೆಲ್ಲ ಗಾಜಿನ ಹಾಗೆ ಬಿಗಿದು ಹಿಡಿಯಿತು. ಈಗ ಅವಳ ಭಟ್ಟಿ ಉರಿಯುವುದೇ ಆ ಗುಡ್ಡದಿಂದ. ಅದು ಗೊತ್ತಾದದ್ದೇ ಭಾವನ ಹೊಟ್ಟೆಯೂ ಉರಿಯಿತು. ಗುಡ್ಡಕ್ಕೆ ಬೇಲಿ ಹಾಕಿಸಲು ಹೊರಟ.

"ಮೊದಲು ನೀನು ಕುಡಿ," ಎಂದು ಲೋಟವನ್ನು ಹೆಂಡತಿಯತ್ತ ತಳ್ಳಿದ.

"ನನ್ನ ತಂಗಿ ಏನು ವಿಷ ಹಾಕ್ತಾಳಾ?" ಹೆಂಡತಿ ಗಟಗಟ ಪೂರ್ತಿ ಕುಡಿದು ಲೋಟ ಬೋರಲು ಹಾಕಿದಳು.

"ಬೇಲಿ ಬೇಡ ಭಾವ. ಭಟ್ಟಿ ಆರಿಹೋಗುತ್ತೆ."

"ಆ ರಾಡಿಯಲ್ಲಿ ನನಗೆ ಹಿಡಿಸೋ ಅಂಥ ಒಂದೇ ಒಂದು ವಸ್ತು ಮಾಡಿ ತೋರಿಸು ತಾಯಿ. ಇಡೀ ಗುಡ್ಡ ನಿಂದೇ."

ನಾದಿನಿ ಕಪ್ ಇಟ್ಟಳು. "ಸೊಟ್ಟ," ಎಂದ. ಬಟ್ಟಲು ಇಟ್ಟಳು. "ಮಂಕು." ಹೂದಾನಿ. "ಥೂ."

ಅವಳು ಮಾತ್ರ ಅವನ ಬಾಯನ್ನೇ ನೋಡುತ್ತಿದ್ದಳು. ಭಾವನಿಗೆ ಅನುಮಾನ ಬಂತು. ಆದರೂ ಹಸಿವು. ಕಾಫಿಯ ಜೊತೆ ಅವಳು ಇಟ್ಟಿದ್ದ ಬಾದಾಮಿಗೆ ಯಾರೂ ಮಣ್ಣು ಬೆರೆಸಲಾರರು ಎಂದು ಧೈರ್ಯ ಮಾಡಿ ನಾಲ್ಕು ಕಾಳು ಬಾಯಿಗೆ ಎಸೆದು ಕಟಕಟ ಅಗಿದ.

"ಹೊಸ ಹಲ್ಲು ಹೇಗಿದೆ ಭಾವ?"

ಭಾವನ ಮುಖ ಅರಳಿತು. ಹೋದ ತಿಂಗಳು ಹೆಂಡತಿಯೇ ಹುಡುಕಿ ಕರೆದುಕೊಂಡು ಹೋಗಿದ್ದ ಡಾಕ್ಟರು ಕೂರಿಸಿದ ಸಾಲು ಫಳಫಳ ಹೊಳೆಯಿತು. "ಹೊರದೇಶದ ಮಾಲು ಕಣೇ! ಸೊಟ್ಟ ಇಲ್ಲ, ಮಂಕಿಲ್ಲ. ನೋಡಿ ಕಲಿ."

"ಅಂದ್ರೆ ಹಿಡಿಸಿದೆ?"

"ನೂರಕ್ಕೆ ನೂರು!"

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹಾಗಾದ್ರೆ ಗುಡ್ಡ ನಂದು," ಎಂದಳು ನಾದಿನಿ. "ಡಾಕ್ಟ್ರು ಆ ಹಲ್ಲು ಮಾಡಿಸಿದ್ದು ನನ್ನ ಹತ್ರ."

ಅವಳು ಮಾತು ಉಳಿಸಿಕೊಂಡು ಆಗಲೇ ಒಂದು ತಿಂಗಳಾಗಿತ್ತು.