ಪುಡಿ ಬೀಳದ ಬಾಗಿಲು

ಇಟಲಿಯ ವೆನೆತೊ ಸೀಮೆಯ ಹಳೆಯ ವಿಲ್ಲಾಗಳದು ತಕ್ಕಡಿಯ ಸ್ವಭಾವ. ಒಂದೇ ವಿಲ್ಲಾದಲ್ಲಿ ಎರಡು ಸಂಸಾರ; ಎಡಗಡೆಯವರು ಗೋಡೆ ಕೊರೆದು ಕಿಟಕಿ ಇಟ್ಟರೆ, ಮರುಗಳಿಗೆಯೇ ಬಲಗಡೆಯೂ ಅಂಥದೇ ಕಿಟಕಿ ತಾನಾಗಿ ಮೂಡುತ್ತಿತ್ತು. ಹಾಗಾಗಿ ಎರಡು ಕಡೆಯವರೂ ಒಬ್ಬರನ್ನೊಬ್ಬರು ಕೇಳದೆ ಒಂದು ಮೊಳೆಯನ್ನೂ ಹೊಡೆಯುತ್ತಿರಲಿಲ್ಲ.

ಎರಡು ದಿನ ತಂಗಿಯ ಮನೆಯಲ್ಲಿದ್ದು ಬಂದ ಎಡಗಡೆಯ ಒರ್ನೆಲ್ಲಾಳಿಗೆ ಅಡಿಗೆಮನೆಯ ಹಿಂಗೋಡೆಯಲ್ಲಿ, ದ್ರಾಕ್ಷಿ ತೋಟದತ್ತ ತೆರೆಯುವ ಹೊಸ ಬಾಗಿಲು ಕಾಣಿಸಿತು. ಇದು ಬಲಗಡೆಯ ಗಾಸ್ಪರೆಯದೇ ಕೆಲಸ! ಗಂಡ ತುಲ್ಲಿಯೊ ಕಾಫಿ ಹೀರುತ್ತ, "ಹೋಗ್ಲಿ ಬಿಡೇ, ಗಾಳಿಯಾದ್ರೂ ಬರುತ್ತೆ," ಎಂದರೂ ಕೇಳದೆ ಅವಳು ದುಡುದುಡು ಅಂಗಳ ದಾಟಿದಳು.

"ನಮ್ಮನ್ನ ಕೇಳ್ದೆ ಗೋಡೆ ಒಡೆಯೋಕೆ ಎಷ್ಟು ಧೈರ್ಯ ನಿಮಗೆ?"

"ನಿಮ್ಮ ಕಡೆಯ ಕೆಲಸ ಅಂತ ನಾನೇ ಜಗಳಕ್ಕೆ ಹೊರಟಿದ್ದೆ ಕಣಮ್ಮ," ಎಂದ ಮುದುಕ ಗಾಸ್ಪರೆ. "ಬಂದು ನೋಡು. ನಾನು ಕೊರೆದಿದ್ರೆ ಇಟ್ಟಿಗೆ ಪುಡಿ ಬೀಳ್ಬೇಕಿತ್ತಲ್ಲ? ತಾನಾಗಿ ಮೂಡಿದ್ದಕ್ಕೆ ಪುಡಿ ಎಲ್ಲಿಂದ ಬರುತ್ತೆ?"

ವಾರದಿಂದ ಗುಡಿಸದ ಅವನ ನೆಲದ ತುಂಬ ಬ್ರೆಡ್ಡಿನ ಚೂರುಗಳಿದ್ದವು. ಕೆಂಪು ಪುಡಿ ಮಾತ್ರ ಒಂದು ಚಿಟಿಕೆಯೂ ಇರಲಿಲ್ಲ.

"ನಮ್ಮನೆ ನೆಲಾನೂ ಕನ್ನಡಿ ಹಾಗಿದೆ," ಎಂದು ದನಿ ಏರಿಸಿದವಳು ಅಲ್ಲೇ ತಡೆದಳು.

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಪೊರಕೆ ಮುಟ್ಟದ ತುಲ್ಲಿಯೊ, ಇವತ್ತು ಅವಳು ಬರುವಷ್ಟರಲ್ಲಿ ಅಡಿಗೆಮನೆಯನ್ನು ಗುಡಿಸಿ ಒರೆಸಿಟ್ಟಿದ್ದ.