ಹಳೇ ಕಾರ್ಡಿನ ಲಾಲಿ

ಕಂಪ್ಯೂಟರಿಗೆ ದನಿ ಕೊಡುವ ಹಳೇ ಸೌಂಡ್ ಕಾರ್ಡ್ ಜೋಲದಂತೆ ಅದರ ಕೆಳಗೆ ಮೊಮ್ಮಗಳ ಪೌಡರ್ ಡಬ್ಬಿಯನ್ನು ಆನಿಸಿ, ಅಜ್ಜ ಸ್ವಿಚ್ ಒತ್ತಿದರು. ಕಂಪ್ಯೂಟರ್ ಹೊಸದು, ಕಾರ್ಡ್ ಮಗಳು ತೊಟ್ಟಿಲಲ್ಲಿದ್ದ ಕಾಲದ್ದು. ಒಂದಕ್ಕೊಂದು ನೇರವಾಗಿ ಹೊಂದವು. ನಡುವೆ ಅಡಾಪ್ಟರ್ ಎಂಬ ದಲ್ಲಾಳಿ ಬೇಕು. ಅದನ್ನು ಸಿಕ್ಕಿಸಿದ ಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಲು ಬರದೆ ಕಾರ್ಡ್ ಹೊರಗೇ ಇಣುಕುತ್ತಿತ್ತು.

"ಬಿಡಪ್ಪ, ಮೊಬೈಲಲ್ಲಿ ಲಾಲಿ ಹಾಡು ಬೇಕಾದಷ್ಟಿವೆ," ಎಂದಳು ಮಗಳು, ಮಂಚದ ಮೇಲೆ ಕೂತು ಅಳುವ ಕೂಸನ್ನು ತಟ್ಟುತ್ತಾ. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿತ್ತು. "ನಿನ್ನೆ ಇದೇ ರಾಗ ಹಾಕಿದ್ಯಲ್ಲ, ಇವಳು ಮಲಗಿದ್ಲಾ?"

"ನಿನ್ನೆ ಈ ಕಾರ್ಡಿಲ್ಲದೆ ಬಂದಿದ್ದು ಬರೀ ರಾಗ ಕಣೇ. ನಿಂಗೋಸ್ಕರ ನಾನು ಅದನ್ನ ಕಟ್ಟಿದ್ದು ಈ ಕಾರ್ಡಿನ ಗಂಟಲಿಗೆ."

ಮೊದಲು ಟಪ್ ಎಂದಿತು. ಆಮೇಲೆ ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯಂತೆ ಗುಂಯ್‌ಗುಡುತ್ತಾ, ಮೇಲಿನ ಸ್ವರ ಬಂದಾಗಲೆಲ್ಲ ನೆಗಡಿಯಾದವರ ಹಾಗೆ ಗೊರಗೊರ ಎನ್ನುತ್ತಾ ಲಾಲಿ ಶುರುವಾಯಿತು. ಕೂಸು ಥಟ್ಟನೆ ಅಳು ನಿಲ್ಲಿಸಿ ಪಿಳಿಪಿಳಿ ಕಣ್ಣು ಬಿಟ್ಟಿತು. ರಾಗ ಮುಗಿದು ಮತ್ತೆ ಮೊದಲಾದರೂ ನಿದ್ದೆಯ ಸುಳಿವಿಲ್ಲ. ಅಜ್ಜನ ಮುಖ ಸಪ್ಪಗಾಯಿತು.

"ನೀನ್ ಹೇಳಿದ್ದೇ ಸರಿ ಕಣಮ್ಮ, ಆರಿಸಿಬಿಡ್ತೀನಿ," ಎನ್ನುತ್ತಾ ತಿರುಗಿದರು.

ಮಗಳು ಗೋಡೆಗೆ ತಲೆ ಒರಗಿಸಿ, ಚಿಕ್ಕಂದಿನ ಹಾಗೇ ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು.

ಸ್ವಿಚ್ಚಿನತ್ತ ಹೋಗಿದ್ದ ಕೈಯನ್ನು ಅಜ್ಜ ಹಿಂದಕ್ಕೆ ತೆಗೆದರು. ಅವಳ ಮಡಿಲಿಂದ ಮೊಮ್ಮಗಳನ್ನು ಮೆಲ್ಲಗೆ ಎತ್ತಿಕೊಂಡು, ಕೂಸಿನ ಕಿವಿಯಲ್ಲಿ ಪಿಸುಗುಟ್ಟಿದರು: "ಷ್... ಗಲಾಟೆ ಮಾಡ್ಬೇಡ. ನನ್ನ ಮಗು ಮಲಗಿದೆ."