ಉಳಿದದ್ದು ಒಂದೇ ಕಿಟ್

ಹಾಲಿನ ಪುಡಿಯ ಬಾಟಲಿಗೆ ಹಾಕಿದ್ದ ಅರಗಿನ ಸೀಲಿಗೆ ಕೆಮಿಸ್ಟಮ್ಮ ಇನ್ನೇನು ಕತ್ತರಿ ಇಡಬೇಕು, ಅಷ್ಟರಲ್ಲಿ ಸಾಹೇಬರು ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್ ಹಿಡಿದು ಪ್ರಯೋಗಾಲಯದೊಳಗೆ ನುಗ್ಗಿದರು. ಆಹಾರ ಇಲಾಖೆಯ ಮುಖ್ಯಸ್ಥರೇ ಕ್ಯಾರಿಯರ್ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದಿದ್ದಾರೆಂದರೆ ಒಳಗಿರುವುದು ನಮ್ಮ ನಿಮ್ಮಂಥವರ ಊಟವಂತೂ ಅಲ್ಲ.

"ಅದನ್ನ ಆ ಕಡೆ ಇಡಿ. ಮೊದಲು ಇದು. ಮಂತ್ರಿಗಳ ಊಟ. ಒಂದೂವರೆಗೆ ಕೂರ್ತಾರೆ, ಅಷ್ಟರೊಳಗೆ ಪಾಸ್ ಅಂತ ಚೀಟಿ ಬೇಕು."

"ಸಾರ್, ಇರೋದೇ ಒಂದು ಕಿಟ್ಟು."

"ಒಂದಿದೆಯಲ್ಲ, ಸಾಕು ಬಿಡಿ."

"ಒಂದು ಕಿಟ್ಟಲ್ಲಿ ನಾಲ್ಕು ಪದಾರ್ಥ ಹೇಗೆ ಸಾರ್ ನೋಡೋದು?"

"ಎಲ್ಲಾ ಚೂರುಚೂರು ತೆಗೆದು ಕಲಸಿಬಿಡಿ. ಹೊಟ್ಟೆಗೆ ಹೋದ್ಮೇಲೂ ಕಲಸೋದೇ ತಾನೇ?"

ಕೆಮಿಸ್ಟಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ಒಂದು ಕಿಟ್ಟನ್ನು ಆಕೆ ಎರಡು ವಾರದಿಂದ ಫ್ರಿಜ್ಜಿನ ಮೂಲೆಯಲ್ಲಿ, ತನ್ನ ಮಾತ್ರೆಯ ಡಬ್ಬಿಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟಿದ್ದಳು. ವಿಷದ ಅಂಶ ಹಿಡಿಯುವ ಕಿಟ್ಟು ವರ್ಷಕ್ಕೆ ಆರು ಪೆಟ್ಟಿಗೆ ಕೇಳಿದರೆ ಒಂದು ಕಳಿಸುವ ಸರ್ಕಾರ ಅದು. ದೊಡ್ಡ ಯಂತ್ರ ಕೆಟ್ಟು ಎರಡು ವರ್ಷ. ರಿಪೇರಿಗೆ ಅನುದಾನವಿಲ್ಲವೆಂದು ಅದರ ಮೇಲೆ ಹಳೇ ಬೆಡ್‌ಶೀಟು ಹೊದಿಸಿಟ್ಟಿದ್ದರು. ಮಾದರಿಗಳು ಮಾತ್ರ ದಿನಾ ಬರುತ್ತಿದ್ದವು. ಯಾವುದನ್ನು ಪರೀಕ್ಷಿಸುವುದು, ಯಾವುದನ್ನು ಬಿಡುವುದು ಅಂತ ಆರಿಸುವುದೇ ಆಕೆಯ ನೌಕರಿಯಾಗಿಬಿಟ್ಟಿತ್ತು. ಈ ಸಲ ಆಕೆ ಆರಿಸಿದ್ದು ಹಾಸ್ಟೆಲಿನ ಹಾಲಿನ ಪುಡಿಯನ್ನು. ಸೀಲು ಒಡೆಯಲು ಮೇಲಿನಿಂದ ಅನುಮತಿಯ ಕಾಗದ ಬಂದದ್ದು ನಿನ್ನೆಯಷ್ಟೇ. ಅದನ್ನು ಕುಡಿದ ಇಪ್ಪತ್ತೆರಡು ಮಕ್ಕಳು ಒಂದೇ ಸಂಜೆ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಪುಡಿ ಸರಬರಾಜು ಮಾಡಿದವನ ಕೂದಲೂ ಕೊಂಕಲಿಲ್ಲ. ಕೊಳಕು ಕೈಯಲ್ಲಿ ಕಾಯಿಸಿದಳೆಂದು ಅಡುಗೆಯಮ್ಮನನ್ನು ಮನೆಗೆ ಕಳಿಸಿದರು.

ಅಂದಿನಿಂದ ಅಡುಗೆಯಮ್ಮ ದಿನ ಬಿಟ್ಟು ದಿನ ಬಂದು ಇಲ್ಲಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ನನ್ನ ಕೆಲಸದ ಮಾತು ಆಮೇಲೆ ಅಮ್ಮಾ. ಆ ಮೂಟೆಗಳಿಂದ್ಲೇ ಇವತ್ತೂ ಹಾಲು ಕಾಯಿಸ್ತಾ ಇದಾರೆ. ರಿಪೋರ್ಟ್ ಬರೋ ತನಕ ಮೂಟೆ ಬದಲಾಯಿಸೋ ಹಾಗಿಲ್ಲ ಅಂತಾರೆ ವಾರ್ಡನ್ನು. ಎಲ್ಲಾ ಎಳೇ ಮಕ್ಕಳು ಕಣಮ್ಮಾ." ನಿನ್ನೆ ಕೆಮಿಸ್ಟಮ್ಮ ಆಕೆಯ ಕೈ ಹಿಡಿದು, "ನಾಳೆ ಮಧ್ಯಾಹ್ನ ಬಾರಮ್ಮಾ, ಕೈಗೇ ಕೊಡ್ತೀನಿ," ಎಂದು ಮಾತು ಕೊಟ್ಟಿದ್ದಳು.

"ಸಾರ್, ಈ ಪುಡಿ ಬಂದು ಇವತ್ತಿಗೆ ಹದಿನಾಲ್ಕನೇ ದಿನ. ಇವತ್ತು ರಿಪೋರ್ಟ್ ಹೋಗದಿದ್ರೆ ನಿಯಮದ ಪ್ರಕಾರ ಮಾದರಿನೇ ರದ್ದು. ಮಕ್ಕಳ ವಿಷಯ ಸಾರ್."

"ಕಿಟ್ ಲಭ್ಯವಿಲ್ಲ ಅಂತ ಬರೆದು ಕಳಿಸಿ. ಅದೂ ಒಂದು ರಿಪೋರ್ಟೇ," ಎಂದರು ಸಾಹೇಬರು. ಆಮೇಲೆ ದನಿ ಇಳಿಸಿ, ಹತ್ತಿರ ಬಂದರು. "ಸುರಕ್ಷಿತ ಆಹಾರ ಸಪ್ತಾಹ ಉದ್ಘಾಟನೆಗೆ ಬಂದಿರೋ ಮಂತ್ರಿಗಳಿಗೆ ನಮ್ಮ ಊಟದಿಂದ್ಲೇ ಹೊಟ್ಟೆ ಕೆಟ್ರೆ ಏನ್ರೀ ಗತಿ? ಅವರ ಹೊಟ್ಟೆ ತಣ್ಣಗಿರಲಿ. ಊಟ ಮುಗಿಸಿ ಬಾಯಿ ಒರೆಸಿಕೊಳ್ಳೋ ಹೊತ್ತಿಗೆ ಅನುದಾನದ ಮಾತು ಎತ್ತೋಣ. ನಿಮಗೇ ಕಣ್ರೀ ಒಳ್ಳೇದು."

ಆಗಲ್ಲ ಸಾರ್ ಎನ್ನಬೇಕಿತ್ತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದು ಸಲವಾದರೂ ಅನ್ನಬೇಕಿತ್ತು. ಆದರೆ ಕೆಮಿಸ್ಟಮ್ಮ ಕತ್ತರಿ ಕೆಳಗಿಟ್ಟು ಚಮಚ ಎತ್ತಿಕೊಂಡಳು. ನಾಲ್ಕು ಡಬ್ಬಿಯಿಂದ ಒಂದೊಂದು ಚೂರು ತೆಗೆದು ಕಲಸಿದಳು, ಸೋಸಿದಳು, ಹನಿ ಹಾಕಿದಳು, ಕಾದಳು. ಸಾಹೇಬರು ಅಲ್ಲೇ ನಿಂತು, ಉಳಿದ ಊಟದಲ್ಲಿ ಎರಡು ತುತ್ತು ರುಚಿ ನೋಡಿದರು. ಆಹಾ, ಎಂಥ ಕೈರುಚಿ ಎಂದರು. ಕಿಟ್ಟಿನ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಲಿಲ್ಲ. ವಿಷವಿಲ್ಲ, ತಿನ್ನಲು ಯೋಗ್ಯ ಎಂದು ಕೆಮಿಸ್ಟಮ್ಮ ಚೀಟಿ ಬರೆದಳು. ಸಾಹೇಬರು ಚೀಟಿ ಕಿತ್ತುಕೊಂಡು, ಕ್ಯಾರಿಯರ್ ಎತ್ತಿಕೊಂಡವರೇ ಮೆಟ್ಟಿಲಿಳಿದು ಓಡಿದರು.

ನಾಲ್ಕಕ್ಕೆ ಸ್ವಲ್ಪ ಮುಂಚೆ ಅಡುಗೆಯಮ್ಮ ಬಂದಳು. ಎಂದಿನಂತೆ ಬಾಗಿಲಲ್ಲಿ ನಿಲ್ಲಲಿಲ್ಲ, ಸೀದಾ ಒಳಗೇ ಬಂದಳು. ಮುಖ ಅರಳಿತ್ತು. ಸೀರೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಅಮ್ಮಾ, ಒಂದು ವಿಷಯ ಗೊತ್ತಾ? ಅತಿಥಿಗೃಹದ ಅಡುಗೆಯವನಿಗೆ ಜ್ವರ ಅಂತ ಇವತ್ತು ಒಂದು ದಿನಕ್ಕೆ ನನ್ನ ಕರೆಸಿದ್ರು. ಮಂತ್ರಿಗಳಿಗೆ ಅಡುಗೆ ಮಾಡಿದ್ದು ನಾನೇ! ಕೇಳಿ ಕೇಳಿ ಹಾಕಿಸಿಕೊಂಡ್ರು. ನನ್ನ ಅಡುಗೇನ ಯಾರೋ ಪರೀಕ್ಷೆ ಮಾಡಿ ಪಾಸ್ ಮಾಡಿದ್ರಂತೆ. ನೀವೇ ತಾನೇ? ಆ ಚೀಟಿ ಒಂದು ಕಾಪಿ ಕೊಡಿ, ಹಾಸ್ಟೆಲಿನವರ ಮುಖಕ್ಕೆ ಹಿಡೀತೀನಿ. ಹಾಂ, ಪುಡಿ ರಿಪೋರ್ಟೂ ಕೊಡಿ, ಎರಡೂ ಒಟ್ಟಿಗೇ ಹಿಡೀತೀನಿ."

ಕೆಮಿಸ್ಟಮ್ಮ ಕುರ್ಚಿ ಎಳೆದು ಆಕೆಯನ್ನು ಕೂರಿಸಿದಳು. ಚೀಟಿಯಲ್ಲಿ ಉಂಡವರ ಹೆಸರಿದೆ, ಅಡುಗೆ ಮಾಡಿದವರ ಹೆಸರಿಲ್ಲ ಎಂದಳು. ಇದ್ದದ್ದು ಒಂದೇ ಕಿಟ್ಟು, ಅದು ಆ ಊಟಕ್ಕೇ ಹೋಯಿತು ಎಂದಳು. ನನ್ನಿಂದ ತಪ್ಪಾಯಿತು ತಾಯಿ ಎಂದೂ ಅಂದಳು. ಪುಡಿಯ ಬಾಟಲಿ ಸೀಲು ಒಡೆಯದೆ ಮೇಜಿನ ಮೇಲೇ ಕೂತಿತ್ತು.

ಅಡುಗೆಯಮ್ಮ ಬಾಟಲಿಯ ಸೀಲನ್ನು ಬೆರಳಿನಿಂದ ಸವರಿ ನೋಡಿದಳು.

"ಅಂದ್ರೆ ಮಕ್ಕಳ ಪಾಲಿಂದು ನನ್ನ ಅಡುಗೆಗೇ ಹೋಯ್ತು ಅನ್ನಿ."

ಅಡುಗೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಗಡಿಯಾರ ನೋಡಿದಳು.

"ನಾಲ್ಕಾಯ್ತು," ಎಂದಳು. "ಹಾಸ್ಟೆಲಲ್ಲಿ ಹಾಲು ಕಾಯಿಸೋ ಹೊತ್ತು."